ಎರಡೂವರೆ ಗಂಟೆಯಲ್ಲಿ ಅಮೆರಿಕ

ಗಾಂಧಿಬಜಾರಿನ ಹೋಟೆಲಲ್ಲಿ ಬೈಟೂ ಕಾಫಿ ಬರುವ ಮೊದಲೇ ಕಂಡಕ್ಟ್ರು ಟಿಕೆಟ್ ಬಿಚ್ಚಿದರು. ರಿಟೈರಾಗಿ ಆರು ವರ್ಷವಾದರೂ ನಮಗೆ ಅವರು ಕಂಡಕ್ಟ್ರೇ. ಮಗಳ ಬಾಣಂತನಕ್ಕೆಂದು ಹೆಂಡತಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ತಿಂಗಳಾಯಿತು. ಡಿಸೆಂಬರಿಗೆ ಇವರ ಸರದಿ.

“ನೋಡ್ರೀ, ಮಧ್ಯಾಹ್ನ 2ಕ್ಕೆ ದೇವನಹಳ್ಳಿ ಬಿಟ್ರೆ ಅವತ್ತೇ ಸಂಜೆ 4.30ಕ್ಕೆ ಅಲ್ಲಿ. ಎರಡೂವರೆ ಗಂಟೆ! ಮೆಜೆಸ್ಟಿಕ್ಕಿಂದ ಏರ್‌ಪೋರ್ಟಿಗೆ ವಾಯುವಜ್ರದಲ್ಲೇ ಎರಡು ಗಂಟೆ ಹಿಡಿದದ್ದುಂಟು.”

ಭೂಗೋಳದ ಮೇಷ್ಟ್ರಿಗೆ ಇದಕ್ಕಿಂತ ಇನ್ನೇನು ಬೇಕು? “ದೂರ ಸುಮಾರು 14,000 ಕಿ.ಮೀ. ನಿಮ್ಮ ಲೆಕ್ಕದಲ್ಲಿ ಗಂಟೆಗೆ 5,600! ಅದೇನು ರಾಕೆಟ್ಟೇ? ಹಾರೋದು ಹದಿನಾರು ಗಂಟೆ ಸ್ವಾಮಿ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಕಳೀರಿ.”

ಕಂಡಕ್ಟ್ರು ಬೆರಳು ಮಡಚಿ ಕಳೆದರು. ಮುಖ ಇಳಿಯಿತು.

ಮೇಷ್ಟ್ರು ಅಷ್ಟಕ್ಕೆ ಬಿಡುವವರಲ್ಲ. ಎದುರಿನ ಹೂವಿನವಳ ಹತ್ತಿರ ಮೊಳ ದಾರ ಇಸ್ಕೊಂಡು, ಮೂಸಂಬಿಯ ಮೇಲೆ ಎರಡೂ ಊರು ಗುರುತು ಮಾಡಿ ಬಿಗಿಯಾಗಿ ಎಳೆದರು. ದಾರ ತೊಟ್ಟಿನ ಪಕ್ಕಕ್ಕೇ ಹೋಗಿ ಕೂತಿತು. “ಇದೇ ಉತ್ತರ ಧ್ರುವ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ವಿಮಾನ ಅಲ್ಲಿಂದ ಬೆಂಗಳೂರಿಗೆ ಈ ದಾರೀಲೇ ಬಂತು. ಓಡಿಸಿದ ನಾಲ್ಕೂ ಪೈಲಟ್‌ಗಳು ಹೆಣ್ಣುಮಕ್ಕಳು. ಆದರೆ ಹೋಗುವಾಗ ಪೆಸಿಫಿಕ್ ಮೇಲೆ ಹಾಯೋದೂ ಉಂಟು. ದೂರ ಜಾಸ್ತಿ, ಆದರೆ ಮೇಲುಗಾಳಿ ಪೂರ್ವಕ್ಕೇ ಬೀಸೋದ್ರಿಂದ ಹೊತ್ತು ಉಳಿಯುತ್ತೆ.”

“ಹೆಬ್ಬಾಳ ಜಾಮಾದ್ರೆ ಹೆಣ್ಣೂರು, ಬಾಗಲೂರು ಸುತ್ತಿ ಹೋದ ಹಾಗೆ ಅನ್ನಿ.” ಕಂಡಕ್ಟ್ರ ಮುಖಕ್ಕೆ ಕಳೆ ವಾಪಸು ಬಂತು. ಇಡೀ ಪಾಠದಲ್ಲಿ ಅವರಿಗೆ ಹಿಡಿಸಿದ್ದು ಇದೊಂದೇ.

ಮಾತಿಗೆ ಮಾತು ಅಂತ ನಾನು ಕೇಳಿದೆ, “ಟಿಕೆಟ್ ಯಾವ ವಾರಕ್ಕೆ?”

“ಶನಿವಾರ.”

ಕಂಡಕ್ಟ್ರ ಶನಿವಾರದ ಒಪ್ಪತ್ತು ಇಡೀ ಬೀದಿಗೆ ಗೊತ್ತು. ಮಧ್ಯಾಹ್ನ ಒಂದು ಊಟ, ರಾತ್ರಿ ಎರಡು ಬಾಳೆಹಣ್ಣು. ಸರ್ವೀಸಿನಲ್ಲಿದ್ದಾಗಲೂ ತಪ್ಪಿಸಿದವರಲ್ಲ. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು.

“ಇಲ್ಲಿ ಹುಟ್ಟಿದ ಶನಿವಾರ ಅಲ್ಲಿನ ಮಧ್ಯರಾತ್ರಿಗೆ ಮುಗಿಯಬೇಕು. ಇಪ್ಪತ್ನಾಲ್ಕಕ್ಕೆ ಹದಿಮೂರೂವರೆ ಸೇರಿಸಿ. ನಿಮ್ಮದು ಮೂವತ್ತೇಳೂವರೆ ಗಂಟೆ ಶನಿವಾರ ಕಂಡಕ್ಟ್ರೇ!”

“ಅಷ್ಟಕ್ಕೂ ಒಂದೇ ಊಟವೇ?”

“ವಾಪಸು ಬರುವಾಗ ಸರಿಹೋಗುತ್ತೆ ಬಿಡಿ” ಅಂದೆ ನಾನು. “ಶುಕ್ರವಾರ ರಾತ್ರಿ ಅಲ್ಲಿ ಹತ್ತಿದರೆ ಭಾನುವಾರ ಬೆಳಗಿನ ಜಾವ ಇಲ್ಲಿ ಇಳೀತೀರಿ. ಶನಿವಾರ ದಾರಿಯಲ್ಲೇ ಕರಗಿಹೋಗುತ್ತೆ.”

“ಆಂಜನೇಯನಿಗೆ ಬಾಕಿ ಇಡೋಕಾಗುತ್ತೇನ್ರೀ?” ಅಂತ ಗದರಿ ಮೊಬೈಲ್ ಕಿವಿಗಿಟ್ಟರು. “ಮಗಳಿಗೆ ಹೇಳಿ ಟಿಕೆಟ್ ಶುಕ್ರವಾರಕ್ಕೆ ಹಾಕಿಸ್ತೀನಿ.”

ಮೇಷ್ಟ್ರು ಗಡಿಯಾರ ನೋಡಿದರು. ಸಂಜೆ ಆರು. “ಅಲ್ಲೀಗ ಬೆಳಗಿನ ಜಾವ ನಾಲ್ಕೂವರೆ...” ಅನ್ನುವಷ್ಟರಲ್ಲಿ ಆ ಕಡೆ ಫೋನ್ ಎತ್ತಿಯಾಗಿತ್ತು. ಮಗಳ ದನಿಗಿಂತ ಮೊದಲು ಕೂಸು ಕಿರುಚಿದ್ದು ನಮ್ಮ ಟೇಬಲ್ಲಿಗೂ ಕೇಳಿಸಿತು.