ನಾಪಾದಲ್ಲಿ ಮೂರು ರಾತ್ರಿ, ಉಳಿಯೋದು ಎಲ್ಲಿ? ಹೋಗಿ ಬಂದವರು ಹೇಳಿ

ಕೇಳಿದ್ದು: ಅಪ್ಪ ಅಮ್ಮ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ, ನಮ್ಮ ಮನೆಗೆ ಬಂದಿದ್ದಾರೆ. ಅವರ ಮದುವೆಯಾಗಿ ಈ ಸಲ 40 ವರ್ಷ. ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಶುರುವಿಗೋ, ವೈನಿಗೆ ಹೆಸರಾದ ನಾಪಾ ಕಣಿವೆ ಕಡೆ ಕರೆದುಕೊಂಡು ಹೋಗಿ, ಮೂರು ರಾತ್ರಿ ಒಳ್ಳೆ ಹೋಟೆಲಿನಲ್ಲಿ ಇರಿಸಬೇಕು ಅಂತ ನನಗೂ ನಮ್ಮ ಯಜಮಾನರಿಗೂ ಆಸೆ. ಇದೊಂದು ಸಲ ದುಡ್ಡಿನ ಮುಖ ನೋಡುವುದಿಲ್ಲ. ಅಪ್ಪ ಒಂದು ಗ್ಲಾಸ್ ವೈನ್ ತೆಗೆದುಕೊಳ್ಳುತ್ತಾರೆ. ಅಮ್ಮನಿಗೆ ಅದರ ವಾಸನೆಯೂ ಆಗದು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಮ್ಮನಿಗೆ ಮಂಡಿ ನೋವು ಬೇರೆ. ಯಾವ ಹೋಟೆಲ್ ಆಗಬಹುದು?

ಫ್ರೀಮಾಂಟ್‌ನಿಂದ:
ಹೋಟೆಲ್ ಆಮೇಲೆ ನೋಡಿ ಮೇಡಂ, ಮೊದಲು ಊರು ಮತ್ತು ವಾರ ಗೊತ್ತು ಮಾಡಿಕೊಳ್ಳಿ. ಅದೆರಡು ಸರಿ ಹೋದರೆ ಮುಕ್ಕಾಲು ಕೆಲಸ ಆದ ಹಾಗೆ.

ನಾಪಾ ಕಣಿವೆ ಉದ್ದಕ್ಕೆ ಸುಮಾರು 30 ಮೈಲಿ, ಅಗಲ ತೀರಾ ಕಡಿಮೆ. ದಕ್ಷಿಣದ ತುದಿಯಲ್ಲಿ ನಾಪಾ ಊರು. ಅಲ್ಲಿಂದ ಮೇಲಕ್ಕೆ ಯೌಂಟ್‌ವಿಲ್, ಓಕ್‌ವಿಲ್, ರುದರ್‌ಫರ್ಡ್, ಸೇಂಟ್ ಹೆಲೆನಾ, ಕೊನೆಗೆ ಕ್ಯಾಲಿಸ್ಟೋಗಾ. ಎರಡೇ ದೊಡ್ಡ ರಸ್ತೆ. ಹೈವೇ 29 ಶನಿವಾರ ಬಂತೆಂದರೆ ಸಿಲ್ಕ್ ಬೋರ್ಡ್. ಪೂರ್ವದ ಅಂಚಿನಲ್ಲಿ ಸಿಲ್ವರಾಡೋ ಟ್ರೇಲ್ ಇದೆ, ಅದನ್ನು ಹಿಡಿಯಿರಿ. ನೋಡಬೇಕಾದ ದ್ರಾಕ್ಷಿ ತೋಟಗಳೆಲ್ಲ ಒಂದು ತುದಿಯಲ್ಲಿ, ಹೋಟೆಲ್ ಇನ್ನೊಂದು ತುದಿಯಲ್ಲಿ ಅಂತ ಮಾಡಿಕೊಂಡರೆ ಕಾರಿನಲ್ಲೇ ದಿನ ಮುಗಿಯುತ್ತೆ.

ಸೆಪ್ಟೆಂಬರಿನ ಮೊದಲ ಸೋಮವಾರ ಲೇಬರ್ ಡೇ. ಅದರ ಹಿಂದಿನ ಶುಕ್ರವಾರದಿಂದ ಆ ಸೋಮವಾರದವರೆಗೆ ಆ ಕಡೆ ತಲೆ ಹಾಕಬೇಡಿ. ಹೆಸರುವಾಸಿ ಜಾಗಗಳಲ್ಲಿ ರಾತ್ರಿಗೆ 1,000 ಡಾಲರ್ ದಾಟೋದು ಆ ಸೀಸನ್‌ನಲ್ಲಿ ಮಾಮೂಲು, ಲೇಬರ್ ಡೇಗಂತೂ ಕೇಳುವುದೇ ಬೇಡ. ಹಬ್ಬ ಮುಗಿದ ಮೇಲೆ ಮಂಗಳವಾರ ಹೋಗಿ ಶುಕ್ರವಾರ ಬೆಳಿಗ್ಗೆ ಬನ್ನಿ. ಅದೇ ರೂಮು, ಅದೇ ಈಜುಕೊಳ, ಜನ ಕಮ್ಮಿ, ದರವೂ ಕಮ್ಮಿ. ಗಣೇಶನ ಹಬ್ಬ ಯಾವಾಗ ಬೀಳುತ್ತೆ ಅಂತಲೂ ಕ್ಯಾಲೆಂಡರ್ ನೋಡಿಕೊಳ್ಳಿ, ಅಮ್ಮ ಹಬ್ಬ ಬಿಟ್ಟು ಬರಲಾರರು ಅಲ್ವಾ!

ಮಂಡಿ ನೋವಿಗೆ ನನ್ನ ಓಟು ಯೌಂಟ್‌ವಿಲ್‌ಗೆ. ಊರು ಸಪಾಟು. ವಾಷಿಂಗ್ಟನ್ ಸ್ಟ್ರೀಟ್ ಅನ್ನೋ ಒಂದೇ ಬೀದಿಯಲ್ಲಿ ಹೋಟೆಲ್, ಬೇಕರಿ, ಬೆಂಚು ಎಲ್ಲ. ಸಂಜೆ ಕಾರು ಮುಟ್ಟದೆ ನಡೆದುಕೊಂಡೇ ಊಟಕ್ಕೆ ಹೋಗಬಹುದು. ಆ ಊರಿನಲ್ಲಿ ಬಾರ್ಡೆಸೊನೊ ಅಂತ ಹೋಟೆಲ್ ಇದೆ. ಹೊರಗಿನಿಂದ ನೋಡಿದರೆ ಇಷ್ಟು ದುಡ್ಡಾ ಅನ್ನಿಸುತ್ತೆ. ರೂಮಿನೊಳಗೆ ಹೋದ ಮೇಲೆ ಗೊತ್ತಾಗುತ್ತೆ.

ಪ್ಲೆಸೆಂಟನ್‌ನಿಂದ:
ಬಿಸಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಆಗಸ್ಟ್ ಕೊನೆಯಲ್ಲಿ ಮಧ್ಯಾಹ್ನ 35 ಡಿಗ್ರಿ ಸಹಜ, ಕ್ಯಾಲಿಸ್ಟೋಗಾ ಕಡೆ 38 ಆದರೂ ಆಶ್ಚರ್ಯ ಇಲ್ಲ. ಅದೇ ಬೆಳಗಿನ ಜಾವ 12ಕ್ಕೆ ಇಳಿದಿರುತ್ತೆ. ದಕ್ಷಿಣದಲ್ಲಿ ಸ್ಯಾನ್ ಪಾಬ್ಲೊ ಕೊಲ್ಲಿ ಇದೆ, ರಾತ್ರಿ ಅಲ್ಲಿಂದ ಮಂಜು ಕಣಿವೆಯೊಳಗೆ ನುಗ್ಗುತ್ತೆ. ಹಾಗಾಗಿ ದಕ್ಷಿಣದ ಕಾರ್ನೆರೋಸ್ ತಂಪು, ಉತ್ತರಕ್ಕೆ ಹೋದಷ್ಟೂ ಸೆಖೆ. ಸೆಖೆ ತಡೆಯದವರು 2022ರಲ್ಲಿ ಶುರುವಾದ ಸ್ಟ್ಯಾನ್ಲಿ ರಾಂಚ್ ತರಹದ, ದಕ್ಷಿಣದ ಹೋಟೆಲ್ ನೋಡಬಹುದು.

ನಾವು ಮಾಡಿದ್ದು ಇಷ್ಟೇ. ಬೆಳಿಗ್ಗೆ 10ಕ್ಕೆ ಒಂದು ವೈನರಿ (ವೈನ್ ಮಾಡೋ ಜಾಗ), ಬೇಕಾದರೆ 11.30ಕ್ಕೆ ಇನ್ನೊಂದು. ಊಟ ಮಾಡಿ ಎರಡು ಗಂಟೆಯೊಳಗೆ ಹೋಟೆಲಿಗೆ ವಾಪಸ್. ಅಷ್ಟು ದುಡ್ಡು ಕೊಟ್ಟು ರೂಮು ಹಿಡಿದು, ಬೆಳಗಿನಿಂದ ಸಂಜೆತನಕ ನಾಲ್ಕೈದು ತೋಟ ಸುತ್ತೋರನ್ನು ನೋಡಿದರೆ ನಗು ಬರುತ್ತೆ. ಹೊಟ್ಟೆ ಸೇರೋದು ವೈನು, ಕಣ್ಣಿಗೆ ಬೀಳೋದು ಪಾರ್ಕಿಂಗ್ ಲಾಟು. ಅದಕ್ಕೆ ಮಾಮೂಲಿ ಮೋಟೆಲ್ ಸಾಕಲ್ಲ.

ಇನ್ನೊಂದು, ಈಗ ಸುಮ್ನೆ ಹೋಗಿ ಬಾಗಿಲು ತಟ್ಟಿದರೆ ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ. ಮೊದಲೇ ಬುಕ್ ಮಾಡಬೇಕು. ವೈನ್ ರುಚಿ ನೋಡೋಕೆ ತಲೆಗೆ 50 ಡಾಲರ್, 100 ಡಾಲರ್ ಅಂತ ಶುಲ್ಕ. ಅಮ್ಮ ಕುಡಿಯುವುದಿಲ್ಲ ಅಂತ ಬುಕ್ ಮಾಡುವಾಗಲೇ ಹೇಳಿ. ಕೆಲವು ಕಡೆ ಅವರಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಕೆಲವು ಕಡೆ ಕೂತ ಕುರ್ಚಿಗೇ ಲೆಕ್ಕ.

ಕ್ಯುಪರ್ಟಿನೊದಿಂದ:
ನಾನು ಯೌಂಟ್‌ವಿಲ್ ಒಪ್ಪುವುದಿಲ್ಲ. ಅದು ಊಟದ ಊರು. ಹೆಸರಾಂತ ಬಾಣಸಿಗ ಥಾಮಸ್ ಕೆಲರ್ ಅವರ ಫ್ರೆಂಚ್ ಲಾಂಡ್ರಿ ರೆಸ್ಟೋರೆಂಟ್ ಇರೋದೇ ಅಲ್ಲಿ. ಅಲ್ಲಿ ತರಕಾರಿಗಳದ್ದೇ ಪ್ರತ್ಯೇಕ ಮೆನು ಇದೆ ನಿಜ. ಆದರೆ ಮೊಟ್ಟೆ ಬೇಡ ಅನ್ನೋರಿಗೆ, ಒಂಬತ್ತು ಗಂಟೆಗೆ ಮಲಗೋ ಹಿರಿಯರಿಗೆ, ಗಂಟೆಗಟ್ಟಲೆ ಒಂದೊಂದೇ ತಟ್ಟೆ ಬರೋ ಊಟ ಯಾಕೆ?

ಕುಡಿಯದವರನ್ನು ಕರೆದುಕೊಂಡು ಹೋಗೋದಾದರೆ ಕ್ಯಾಲಿಸ್ಟೋಗಾಕ್ಕೇ ಹೋಗಿ. ಅಲ್ಲಿ ನೆಲದಡಿಯಿಂದ ಬಿಸಿನೀರು ಬರುತ್ತೆ, ವೈನಿಗಿಂತ ಮೊದಲೇ ಊರಿಗೆ ಹೆಸರು ತಂದದ್ದು ಅದು. ಸೊಲಾಜ್ ಅನ್ನೋ ಹೋಟೆಲಿನಲ್ಲಿ ಖನಿಜದ ನೀರಿನ ಕೊಳಗಳಿವೆ, ಊರೊಳಗೆ ಸುತ್ತಾಡಲು ಸೈಕಲ್ ಕೊಡುತ್ತಾರೆ. ಕಾಟೇಜುಗಳು ನೆಲಮಟ್ಟದಲ್ಲಿವೆ. 2021ರಲ್ಲಿ ಫೋರ್ ಸೀಸನ್ಸ್ ಕೂಡ ಅಲ್ಲೇ ಬಂತು, ದ್ರಾಕ್ಷಿ ತೋಟ ಹೋಟೆಲಿನ ಆವರಣದಲ್ಲೇ ಇದೆ. ನನ್ನ ಅತ್ತೆ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಸಾಲುಗಳ ಪಕ್ಕ ಒಂದು ಸುತ್ತು ಹಾಕಿ ಬರುತ್ತಿದ್ದರು. ಅವರಿಗೆ ವೈನರಿಗಿಂತ ಅದೇ ಜಾಸ್ತಿ ಇಷ್ಟವಾಯಿತು.

ಅಷ್ಟು ದುಬಾರಿ ಬೇಡವೆಂದರೆ ಇಂಡಿಯನ್ ಸ್ಪ್ರಿಂಗ್ಸ್ ಇದೆ. ಅದರ ದೊಡ್ಡ ಈಜುಕೊಳ 1913ರದ್ದು. ಅಲ್ಲಿ ಕೆಸರಿನ ಸ್ನಾನ ಮಾಡಿದೆ, ಹೇಳಲೇಬೇಕು. ತೊಟ್ಟಿಯಲ್ಲಿ ಇರೋದು ಜ್ವಾಲಾಮುಖಿಯ ಬೂದಿ, ಬಿಸಿನೀರಲ್ಲಿ ಕಲಸಿದ್ದು. ಕೂತರೆ ಮುಳುಗುವುದಿಲ್ಲ, ಮೇಲೆಯೇ ತೇಲುತ್ತೀರಿ. ಸಹಾಯಕಿ ಬಂದು ಎದೆಯ ಮೇಲೆ, ತೋಳಿನ ಮೇಲೆ ಕೆಸರು ತಳ್ಳಿದ ಮೇಲೆಯೇ ಮೈ ಒಳಗೆ ಹೋಗೋದು. ಗಂಧಕದ ವಾಸನೆ. ಹಣೆಯಲ್ಲಿ ಬೆವರು ಇಳಿಯುತ್ತೆ, ಒರೆಸಿಕೊಳ್ಳೋಣವೆಂದರೆ ಕೈ ಕೆಸರಲ್ಲಿ ಹೂತಿದೆ. ಅವರೇ ಬಂದು ತಣ್ಣನೆ ಬಟ್ಟೆ ಇಟ್ಟರು. ಹತ್ತು ನಿಮಿಷ ಸಾಕೋ ಸಾಕು. ಎದ್ದ ಮೇಲೆ ಎಲ್ಲೆಲ್ಲಿಂದಲೋ ಬೂದಿ ಬರುತ್ತೆ, ಹಳೇ ಈಜುಡುಪು ಹಾಕಿಕೊಳ್ಳಿ.

ಸ್ಯಾನ್ ರಮೋನ್‌ನಿಂದ:
ಮಕ್ಕಳಿರೋರು ಯಾರಾದರೂ ಓದುತ್ತಿದ್ದರೆ ಅಂತ ಹೇಳುತ್ತಿದ್ದೇನೆ. ರುದರ್‌ಫರ್ಡ್ ಗುಡ್ಡದ ಮೇಲಿರೋ ಓಬರ್ಜ್ ದು ಸೊಲೇಲ್ ಹೋಟೆಲ್ ದೊಡ್ಡವರಿಗಷ್ಟೇ, 16ಕ್ಕಿಂತ ಚಿಕ್ಕವರಿಗೆ ಅಲ್ಲಿ ಉಳಿಯೋಕೆ ಬಿಡುವುದಿಲ್ಲ. ಅಪ್ಪ ಅಮ್ಮನಿಗೂ ಗುಡ್ಡದ ಇಳಿಜಾರು ಕಷ್ಟವಾಗಬಹುದು. ಆದರೆ ಅದು 1981ರಲ್ಲಿ ಶುರುವಾಗಿದ್ದೇ ರೆಸ್ಟೋರೆಂಟ್ ಆಗಿ. ಉಳಿಯದಿದ್ದರೂ ಟೇಬಲ್ ಬುಕ್ ಮಾಡಿ, ಸೂರ್ಯ ಮುಳುಗೋ ಹೊತ್ತಿಗೆ ಅದರ ಟೆರೇಸ್ ಮೇಲೆ ಕೂತು ಬನ್ನಿ. ಇಡೀ ಕಣಿವೆ ಕಾಣುತ್ತೆ. ಒಂದು ರಾತ್ರಿಯ ಬಾಡಿಗೆ ಉಳಿಯಿತು ಅಂದುಕೊಳ್ಳಿ.

ಕ್ಯಾಲಿಸ್ಟೋಗಾದ ಕೋಟೆಯಂಥ ವೈನರಿ, ಕಾಸ್ಟೆಲ್ಲೊ ದಿ ಅಮೊರೋಸಾ, ಫೋಟೊಕ್ಕೆ ಚೆನ್ನಾಗಿದೆ. ತುಂಬಾ ಮೆಟ್ಟಿಲು. ಅಮ್ಮನಿಗೆ ಬೇಡ.

ಸ್ಯಾಕ್ರಮೆಂಟೊದಿಂದ:
ಕಾಡ್ಗಿಚ್ಚು. ಇದನ್ನು ಮರೆತು ಬುಕ್ ಮಾಡಬೇಡಿ. 2017ರ ಅಕ್ಟೋಬರಿನಲ್ಲಿ ಟಬ್ಸ್ ಫೈರ್, 2020ರ ಸೆಪ್ಟೆಂಬರ್ 27ಕ್ಕೆ ಗ್ಲಾಸ್ ಫೈರ್. ಎರಡನೆಯದರಲ್ಲಿ ಕ್ಯಾಲಿಸ್ಟೋಗಾ ರಾಂಚ್ ಅನ್ನೋ ಹೋಟೆಲ್ ಹೆಚ್ಚುಕಡಿಮೆ ಪೂರ್ತಿ ಸುಟ್ಟಿತು, ಮೆಡೋವುಡ್ ಹೋಟೆಲಿನ ಹೆಸರಾಂತ ರೆಸ್ಟೋರೆಂಟ್ ಹೋಯಿತು. ಬೆಂಕಿ ದೂರ ಇದ್ದರೂ ಹೊಗೆ ಬಂದರೆ ಹೊರಗೆ ಕೂರಲಾಗದು, ವಯಸ್ಸಾದವರಿಗಂತೂ ಉಸಿರಾಟದ ತೊಂದರೆ. ಮುಂಗಡ ಕಟ್ಟಿದರೆ ಸ್ವಲ್ಪ ಕಡಿಮೆ ಅನ್ನೋ ದರಕ್ಕೆ ಮರುಳಾಗಬೇಡಿ, ರದ್ದು ಮಾಡಬಹುದಾದ ದರವನ್ನೇ ತೆಗೆದುಕೊಳ್ಳಿ. ಎಷ್ಟು ದಿನ ಮೊದಲು ಹೇಳಬೇಕು ಅಂತ ಕೇಳಿ. ನಾವು ಉಳಿಯಬೇಕಿದ್ದ ಒಂದು ಕಡೆ, ಹೊಗೆ ಕಣ್ಣಿಗೆ ಕಾಣುತ್ತಿದ್ದರೂ ‘ಹೋಟೆಲ್ ತೆರೆದಿದೆಯಲ್ಲ’ ಅಂತ ಮೊದಲ ರಾತ್ರಿಯ ದುಡ್ಡು ವಾಪಸ್ ಕೊಡಲಿಲ್ಲ.

ದರದ ಬಗ್ಗೆ ಒಂದು ಸಮಾಧಾನ. 2024ರ ಜುಲೈನಿಂದ ಕ್ಯಾಲಿಫೋರ್ನಿಯಾದಲ್ಲಿ ಹೋಟೆಲಿನವರು ಬಾಡಿಗೆಯ ಮೇಲೆ ಹಾಕೋ ಕಡ್ಡಾಯದ ರೆಸಾರ್ಟ್ ಶುಲ್ಕವನ್ನು ತೋರಿಸುವ ದರದೊಳಗೇ ಸೇರಿಸಬೇಕು ಅಂತ ಕಾನೂನು ಬಂದಿದೆ. ತೆರಿಗೆ ಮಾತ್ರ ಆಮೇಲೆ ಸೇರುತ್ತೆ. ಹೋಟೆಲಿನವರೇ ಕಾರು ನಿಲ್ಲಿಸಿಕೊಡೋ ವ್ಯಾಲೆ ಪಾರ್ಕಿಂಗಿಗೆ ಬೇರೆ ದುಡ್ಡಾ ಅಂತ ಕೇಳಿಕೊಳ್ಳಿ.

ಸ್ಯಾಂಟಾ ರೋಸಾದಿಂದ:
ಎಲ್ಲರೂ ನಾಪಾ ನಾಪಾ ಅಂತೀರಿ! ಬೆಟ್ಟದ ಈಚೆ ಸೊನೊಮಾ ಇದೆ ಸ್ವಾಮಿ. ಜನ ಕಮ್ಮಿ, ಮಾತು ಜಾಸ್ತಿ, ವೈನರಿಯವರಿಗೆ ನಿಮ್ಮ ಜೊತೆ ನಿಂತು ಹರಟೆ ಹೊಡೆಯೋಕೆ ಪುರುಸೊತ್ತಿರುತ್ತೆ. ಸೊನೊಮಾ ಊರಿನ ನಡುವೆ ದೊಡ್ಡ ಚೌಕ, ಮರದ ನೆರಳು, ಅದರ ಮೂಲೆಯಲ್ಲಿ 1823ರ ಮಿಷನ್ ಚರ್ಚು. ಹತ್ತಿರದಲ್ಲೇ ಫೇರ್ಮಾಂಟ್ ಸೊನೊಮಾ ಮಿಷನ್ ಇನ್, ಅವರಿಗೂ ಸ್ವಂತ ಬಿಸಿನೀರಿನ ಬುಗ್ಗೆ ಇದೆ. ಸ್ವಲ್ಪ ಹಳೇ ಕಾಲದ ಹೋಟೆಲ್, ನನಗಂತೂ ಅದೇ ಹಿಡಿಸುತ್ತೆ. ಮಿರಮಿರ ಮಿಂಚೋ ಹೋಟೆಲ್ ಬೇಕಿದ್ದರೆ ಹೀಲ್ಡ್ಸ್‌ಬರ್ಗ್‌ನ ಮೊಂಟಾಜ್.

ಅಪ್ಪನಿಗೆ ಒಂದು ವಿಷಯ ಹೇಳಿ. ನಮ್ಮ ದೊಡ್ಡಬಳ್ಳಾಪುರದ ಗ್ರೋವರ್ ವೈನಿಗೆ ಸಲಹೆ ಕೊಟ್ಟ ಫ್ರಾನ್ಸಿನ ಮಿಶೆಲ್ ರೋಲಾಂ, ನಾಪಾದ ವೈನರಿ ಹಾರ್ಲನ್ ಎಸ್ಟೇಟಿಗೂ ಸಲಹೆಗಾರರಾಗಿದ್ದವರು. ಹಾರ್ಲನ್ ಬಾಟಲಿಯ ಬೆಲೆ ಕೇಳಿದರೆ ದೊಡ್ಡಬಳ್ಳಾಪುರದ್ದೇ ವಾಸಿ ಅನ್ನುತ್ತಾರೆ ನೋಡಿ.

ಮಿಲ್ಪಿಟಸ್‌ನಿಂದ:
ಊಟ. ಸೂಪಿಗೆ ಕೋಳಿ ಸಾರು ಹಾಕಿದ್ದೀರಾ, ಪಾಸ್ತಾದಲ್ಲಿ ಮೊಟ್ಟೆ ಇದೆಯಾ ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ಬುಕ್ ಮಾಡುವಾಗಲೇ ಬರೆಸಿದರೆ ದೊಡ್ಡ ಹೋಟೆಲಿನ ಅಡುಗೆಮನೆಯವರು ಖುಷಿಯಿಂದ ಬೇರೆ ಮಾಡಿಕೊಡುತ್ತಾರೆ. ಆದರೂ ಎರಡನೇ ರಾತ್ರಿಗೆ ಅಮ್ಮ ಅನ್ನ ಸಾರು ಕೇಳುತ್ತಾರೆ. ಕಿಚನೆಟ್ (ಪುಟ್ಟ ಅಡುಗೆಮನೆ) ಇರೋ ಕಾಟೇಜ್ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ರೂಮಿಗೆ ಬಿಸಿನೀರು ತರಿಸಿಕೊಂಡರೆ ಎಂಟಿಆರ್ ಅವಲಕ್ಕಿ ಪ್ಯಾಕೆಟ್ಟು ಮೂರು ನಿಮಿಷದಲ್ಲಿ ರೆಡಿ. ಸಾವಿರ ಡಾಲರ್ ರೂಮಿನಲ್ಲಿ ಉಪ್ಪಿನಕಾಯಿ ವಾಸನೆ ಬಂದರೆ ಯಾರೂ ಜೈಲಿಗೆ ಹಾಕುವುದಿಲ್ಲ.

ಫ್ರೀಮಾಂಟ್‌ನಿಂದ ಮತ್ತೆ:
ಕಾರು ಓಡಿಸೋರು ಯಾರು ಅಂತ ಮೊದಲೇ ತೀರ್ಮಾನಿಸಿ. ರುಚಿ ನೋಡೋದು ಅಂತ ಸುರಿದುಕೊಂಡರೂ ನಾಲ್ಕು ಸಲ ಸುರಿದರೆ ಗ್ಲಾಸಿಗೂ ಮೀರುತ್ತೆ, ಕಾರು ಓಡಿಸೋರ ರಕ್ತದಲ್ಲಿ ಆಲ್ಕೋಹಾಲಿನ ಮಿತಿ ಶೇಕಡಾ 0.08. ಮೇಜಿನ ಮೇಲೆ ಉಗುಳುವ ಪಾತ್ರೆ ಇಟ್ಟಿರುತ್ತಾರೆ, ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾಪಾ ಊರಿನಲ್ಲಿ ಊಬರ್ ಸಿಗುತ್ತೆ. ಕ್ಯಾಲಿಸ್ಟೋಗಾದಲ್ಲಿ ರಾತ್ರಿ ನಂಬಿ ಕೂರಬೇಡಿ. ಒಂದು ದಿನಕ್ಕೆ ಗಂಟೆ ಲೆಕ್ಕದಲ್ಲಿ ಡ್ರೈವರ್ ಗೊತ್ತುಮಾಡಿಕೊಂಡರೆ ನಿಮ್ಮ ಯಜಮಾನರಿಗೂ ಒಂದು ಗ್ಲಾಸ್ ಸಿಕ್ಕೀತು.

ಸುಗ್ಗಿ ನೋಡಬೇಕಿದ್ದರೆ ಒಳ್ಳೇ ಸಮಯವೇ. ನೊರೆ ಬರೋ ವೈನಿನ ದ್ರಾಕ್ಷಿಯನ್ನು ಆಗಸ್ಟಿನಲ್ಲೇ ಕೊಯ್ಯಲು ಶುರು ಮಾಡುತ್ತಾರೆ, ಕ್ಯಾಬರ್ನೆ ಅನ್ನೋ ಕೆಂಪು ವೈನಿನ ದ್ರಾಕ್ಷಿ ಆಮೇಲೆ. ತಂಪಿರಲಿ ಅಂತ ರಾತ್ರಿಯೇ ದೀಪ ಹಾಕಿಕೊಂಡು ಕೊಯ್ಯುತ್ತಾರೆ. ಹಾಗಾಗಿ ತೋಟಕ್ಕೆ ತಾಗಿದ ರೂಮಾದರೆ ಬೆಳಗಿನ ಜಾವ ಮೂರಕ್ಕೆ ಟ್ರ್ಯಾಕ್ಟರ್ ಸದ್ದು ಕೇಳಬಹುದು. ನಿದ್ದೆ ಸೂಕ್ಷ್ಮ ಇದ್ದರೆ ಕೊಳದ ಕಡೆ ರೂಮು ಕೇಳಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಲೇಬರ್ ಡೇ ಆದ ವಾರ, ಕ್ಯಾಲಿಸ್ಟೋಗಾ ಅಂತ ಆಯಿತು. ಒಂದು ಸಂಜೆ ಓಬರ್ಜ್ ಟೆರೇಸು. ಅಪ್ಪ ಆಗಲೇ ಕೆಸರಿನ ಸ್ನಾನ ಅಂತ ಕುಣಿಯುತ್ತಿದ್ದಾರೆ, ಅವರಿಗೆ ಬಿಪಿ ಇದೆ. ಮಾಡಿಸಬಹುದಾ?

ಕ್ಯುಪರ್ಟಿನೊದಿಂದ:
ಬಿಪಿ ಇದ್ದರೆ ಬೇಡ, ಡಾಕ್ಟರ್ ಸರಿ ಅಂದರೆ ಮಾತ್ರ. ಸ್ಪಾದವರೂ ಮೊದಲೇ ಕೇಳುತ್ತಾರೆ. ಬಿಸಿ ಕೊಳಕ್ಕೂ ಅದೇ ಮಾತು. ಮಾಮೂಲಿ ಈಜುಕೊಳದಲ್ಲಿ ಬೆಳಿಗ್ಗೆ ಹೊತ್ತು ಕಾಲು ಬಿಟ್ಟುಕೊಂಡು ಕೂರಲಿ. ವೈನ್ ಕುಡಿದು ಬಂದ ಮೇಲಂತೂ ಯಾವ ಬಿಸಿನೀರಿಗೂ ಇಳಿಯೋದು ಬೇಡ ಅಂತ ಹೇಳಿಬಿಡಿ.