ಸೈಕಲ್ಲಿಗೆ ಮುಳ್ಳಿನ ಸ್ಪೀಡೋಮೀಟರ್: ಡಯಲ್ ನೋಡುವ ಮುಂಚೆ ಮುಂದಿನ ಚಕ್ರ ನೋಡಿ

ಪ್ರಶ್ನೆ (ಸಾಗರದಿಂದ): ಅಪ್ಪನ ಹಳೇ ಕಪ್ಪು ಸೈಕಲ್ ಇದೆ. 28 ಇಂಚಿನ ಚಕ್ರ, ರಾಡ್ ಬ್ರೇಕು. ಅದಕ್ಕೆ ಹಳೇ ಕಾಲದ ಹಾಗೆ ಮುಳ್ಳು ಓಡುವ ಸ್ಪೀಡೋಮೀಟರ್ ಹಾಕಿಸಬೇಕು ಅಂತ ಅಪ್ಪನ ಆಸೆ. ಬ್ಯಾಟರಿದು ಬೇಡ ಅಂತಾರೆ. ಆನ್‌ಲೈನಲ್ಲಿ ನಾಲ್ಕೈದು ತರಹ ಕಾಣಿಸುತ್ತಿವೆ, ಒಂದಕ್ಕಿಂತ ಒಂದು ಚೆಂದ. ಯಾವುದು ತಗೊಳ್ಳಲಿ?

ಉತ್ತರ (ಸೈಕಲ್ ಮೆಕ್ಯಾನಿಕ್): ಎಲ್ಲರೂ ಡಯಲ್ ನೋಡಿ ಮರುಳಾಗುತ್ತಾರೆ. ಡಯಲ್ ಯಾವುದಾದರೂ ನಡೆಯುತ್ತದೆ. ನೋಡಬೇಕಾದ್ದು ಕೆಳಗೆ, ಮುಂದಿನ ಚಕ್ರದ ನಡುವಿನ ಹಬ್ ಪಕ್ಕ ಕೂರುವ ಗೇರ್ ಡಬ್ಬಿ. ಆಕ್ಸೆಲ್ ಮೇಲೆ, ಹಬ್ಬಿಗೂ ಫೋರ್ಕಿಗೂ ನಡುವೆ ಅದರ ಜಾಗ. ಅದರ ಕಿವಿ ಸ್ಪೋಕಿಗೆ ಸಿಕ್ಕಿಕೊಂಡು ಚಕ್ರದ ಜೊತೆ ತಿರುಗುತ್ತದೆ. ಆ ತಿರುಗಾಟವನ್ನು ಕೇಬಲ್ ಮೇಲಿನ ಮೀಟರಿಗೆ ಒಯ್ಯುತ್ತದೆ.

ಹಾಗಾಗಿ ಮಾರುವವರನ್ನು ಮೂರು ಮಾತು ಕೇಳಿ. ಗೇರ್ ಯಾವ ಅಳತೆಯ ಚಕ್ರಕ್ಕೆ ಮಾಡಿದ್ದು? ಹಲವು ಡಬ್ಬಿಗಳ ಮೇಲೆ 26 ಅಥವಾ 28 ಅಂತ ಕೆತ್ತಿರುತ್ತದೆ. ಎಡಕ್ಕೆ ಹಾಕುವುದಾ, ಬಲಕ್ಕಾ? ಆಕ್ಸೆಲ್ ತೂತು ಎಷ್ಟು? ನಿಮ್ಮ ಸೈಕಲ್ಲಿನ ಮುಂದಿನ ಆಕ್ಸೆಲ್ ಬಹುಶಃ 5/16 ಇಂಚು, ಅಂದರೆ ಸುಮಾರು 8 ಮಿ.ಮೀ. ತೂತು ದೊಡ್ಡದಿದ್ದರೆ ಡಬ್ಬಿ ಅಲ್ಲಾಡುತ್ತದೆ, ಒಳಗೆ ಬುಷ್ (ಸಣ್ಣ ಬಳೆ) ಹಾಕಬೇಕು. ಚಿಕ್ಕದಿದ್ದರೆ ತಗೊಳ್ಳಲೇಬೇಡಿ.

ಕೇಬಲ್ ಉದ್ದವನ್ನೂ ನೋಡಿಕೊಳ್ಳಿ. ಆಕ್ಸೆಲಿನಿಂದ ಫೋರ್ಕ್ ಪಕ್ಕದಲ್ಲೇ ಹ್ಯಾಂಡಲ್ ಮಧ್ಯದವರೆಗೆ ಒಂದು ದಾರ ಹಿಡಿದು ಅಳೆಯಿರಿ, ಹ್ಯಾಂಡಲ್ ತಿರುಗುವುದಕ್ಕೆ ಒಂದು ಗೇಣು ಸೇರಿಸಿ.

ಹಳೇದು ಸಿಕ್ಕರೆ ಮೀಟರಿನ ಹಿಂದಿನ ಚೌಕ ತೂತಿಗೆ ಕೇಬಲ್ ತುದಿ ಸಿಕ್ಕಿಸಿ ಬೆರಳಲ್ಲಿ ಚುರುಕಾಗಿ ತಿರುಗಿಸಿ. ಮುಳ್ಳು ಏಳಬೇಕು, ಬಿಟ್ಟ ಕೂಡಲೇ ಸೊನ್ನೆಗೆ ಬೀಳಬೇಕು. ನಡುವೆ ಎಲ್ಲೋ ತಡೆದು ನಿಂತರೆ ವಾಪಸ್ ಕೊಟ್ಟುಬಿಡಿ.

ಪ್ರಶ್ನೆ (ಸಾಗರ, ಹನ್ನೆರಡು ದಿನದ ಮೇಲೆ): ತಗೊಂಡೆ ಸಾರ್. ಇಲ್ಲೇ ಒಂದು ಅಂಗಡಿಯಲ್ಲಿ ಹಾಕಿಸಿದೆ. ಇಕ್ಕೇರಿವರೆಗೆ ಹೋದೆ, ಆರು ಕಿ.ಮೀ. ಮುಳ್ಳು ಮಿಸುಕಲಿಲ್ಲ. ಆದರೆ ಕಿ.ಮೀ. ಅಂಕಿ 00000 ಇದ್ದದ್ದು 99994 ಆಗಿದೆ! ಹೊಸಾ ಮೀಟರು ಒಂದೇ ದಿನಕ್ಕೆ ಒಂದು ಲಕ್ಷ ಓಡಿತಾ?

ಉತ್ತರ: ಓಡಿಲ್ಲ, ಹಿಂದಕ್ಕೆ ನಡೆದಿದೆ. ಎಡಗಡೆಯ ಡಬ್ಬಿಯನ್ನು ಬಲಕ್ಕೆ ಹಾಕಿದ್ದಾರೆ, ಅಥವಾ ಬಲದ್ದನ್ನು ಎಡಕ್ಕೆ. ಪಕ್ಕ ಬದಲಾದರೆ ಅದಕ್ಕೆ ಚಕ್ರ ಉಲ್ಟಾ ತಿರುಗಿದ ಹಾಗೆ. ಅಂಕಿ ಕಡಿಮೆಯಾಗುತ್ತದೆ, ಮುಳ್ಳು ಸೊನ್ನೆಯ ಹತ್ತಿರದ ಮೊಳೆಗೆ ಒತ್ತಿಕೊಂಡು ನಿಲ್ಲುತ್ತದೆ. ಹಾಳೇನೂ ಆಗಿರುವುದಿಲ್ಲ. ಇನ್ನೊಂದು ಪಕ್ಕಕ್ಕೆ ಹಾಕಿ ಮತ್ತೆ ಇಕ್ಕೇರಿಗೆ ಹೋಗಿ ಬನ್ನಿ, ಲೆಕ್ಕ ತಾನೇ ಸರಿಹೋಗುತ್ತದೆ.

ಹೇಗೂ ಬಿಚ್ಚುತ್ತೀರಲ್ಲ, ಈ ಸಲ ನೀವೇ ಮುಂದೆ ನಿಂತು ಮಾಡಿಸಿ. ಇಂಥ ಹಳೇ ಸೈಕಲ್ಲಿನ ಮುಂದಿನ ಹಬ್ಬಿನಲ್ಲಿ ಒಳಗಿನ ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಹಿಂದೆ, ಅದು ತಿರುಗದ ಹಾಗೆ ತಡೆಯುವ ಲಾಕ್‌ನಟ್ ಇರುವುದು ಕಡಿಮೆ. ಡಬ್ಬಿ ನೇರ ಕೋನಿಗೆ ಒರಗಿದರೆ, ಹೊರಗಿನ ನಟ್ ಬಿಗಿ ಮಾಡುವಾಗ ಕೋನೂ ಜೊತೆಗೆ ತಿರುಗಿ ಒಳಗಿನ ಗುಂಡುಗಳನ್ನು ಹಿಸುಕುತ್ತದೆ. ಹಬ್ ಸವೆಯುವುದು ಹೀಗೆ, ಬೈಸಿಕೊಳ್ಳುವುದು ಮೀಟರು. ಕೋನಿಗೂ ಡಬ್ಬಿಗೂ ನಡುವೆ ಒಂದು ತೆಳು ಲಾಕ್‌ನಟ್ ಹಾಕಿಸಿ. ಆಮೇಲೆ ಡಬ್ಬಿ, ಫೋರ್ಕು, ಮಡ್‌ಗಾರ್ಡ್ ಕಡ್ಡಿ, ವಾಷರ್, ನಟ್. ನಟ್ ಪೂರ್ತಿ ಮರೆ (ಆಕ್ಸೆಲ್ ಮೇಲಿನ ತಿರುಪಿನ ಗೆರೆ) ಹಿಡಿಯಬೇಕು. ಆಕ್ಸೆಲ್ ಸಾಲದಿದ್ದರೆ ಉದ್ದದ್ದು ಹಾಕಿಸಿ, ಎರಡೇ ಮರೆಗೆ ನಟ್ ಹಿಡಿಸಿ ಹೊರಡಬೇಡಿ. ಮುಂದಿನ ಚಕ್ರ ಅದು.

ಇನ್ನೊಂದು. ಒಂದು ಪಕ್ಕಕ್ಕೆ ಡಬ್ಬಿ ಸೇರಿದಷ್ಟು ಚಕ್ರ ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ. ರಾಡ್ ಬ್ರೇಕಿನಲ್ಲಿ ರಬ್ಬರ್ ಕಟ್ಟೆ ಕೆಳಗಿನಿಂದ ಮೇಲಕ್ಕೆ ಬಂದು ರಿಮ್ಮನ್ನು ಒಳಬದಿಯಲ್ಲಿ ಹಿಡಿಯುತ್ತದಲ್ಲ, ಚಕ್ರ ನಾಲ್ಕು ಮಿ.ಮೀ. ಸರಿದರೂ ಕಟ್ಟೆ ಅರ್ಧ ರಿಮ್ಮಿಗೆ, ಅರ್ಧ ಗಾಳಿಗೆ. ಇನ್ನೊಂದು ಪಕ್ಕ ಡಬ್ಬಿಯ ದಪ್ಪದಷ್ಟೇ ವಾಷರ್ ಕೊಟ್ಟು ಚಕ್ರ ಮಧ್ಯಕ್ಕೆ ತನ್ನಿ. ಫೋರ್ಕ್ ಸ್ವಲ್ಪ ಅಗಲಿಸಬೇಕಾದರೆ ಕೈಯಲ್ಲಿ ಅಗಲಿಸಿ, ಸುತ್ತಿಗೆಯಲ್ಲಿ ಬೇಡ.

ಎಲ್ಲಾ ಬಿಗಿ ಮಾಡಿದ ಮೇಲೆ ಕಿವಿಯನ್ನು ಸ್ಪೋಕಿನಿಂದ ಬಿಡಿಸಿ, ಮುಂದಿನ ಚಕ್ರ ನೆಲದಿಂದ ಎತ್ತಿ ಮೆಲ್ಲಗೆ ಬಿಡಿ. ತೂಗಾಡಿ ತೂಗಾಡಿ, ವಾಲ್ವ್ ತನ್ನ ಭಾರಕ್ಕೆ ತಾನೇ ಕೆಳಗೆ ಬಂದು ನಿಲ್ಲಬೇಕು. ಎಲ್ಲೆಂದರಲ್ಲಿ ಗಕ್ಕನೆ ನಿಂತರೆ ಕೋನ್ ಬಿಗಿಯಾಗಿದೆ. ನಂತರ ಕಿವಿ ಸಿಕ್ಕಿಸಿ. ಅದು ಹಬ್ಬಿನ ಅಂಚಿಗೆ ಹತ್ತಿರ, ಸ್ಪೋಕಿನ ಬುಡದಲ್ಲಿ ಕೂರಬೇಕು. ಮೇಲಕ್ಕೆ ಕೂತರೆ ದಿನಾ ತಳ್ಳಿ ತಳ್ಳಿ ಸ್ಪೋಕು ಬಾಗುತ್ತದೆ.

ಪ್ರಶ್ನೆ (ಮೈಸೂರಿನಿಂದ): ನನ್ನ ಮಗನ ಗೇರ್ ಸೈಕಲ್ಲಿಗೂ ಇದೇ ಹಾಕಬಹುದಾ? ಮುಂದೆ ಡಿಸ್ಕ್ ಬ್ರೇಕ್, ಲಿವರ್ ಎತ್ತಿದರೆ ಚಕ್ರ ಬಿಚ್ಚುವ ತರಹ.

ಉತ್ತರ: ಬೇಡ. ಎಡಗಡೆ ಡಿಸ್ಕ್ ಕೂತಿದೆ. ಬಲಗಡೆ ಹಬ್ಬಿಗೂ ಫೋರ್ಕಿಗೂ ನಡುವೆ ಜಾಗವೇ ಬಿಟ್ಟಿರುವುದಿಲ್ಲ. ಅದಕ್ಕೆ ಸ್ಪೋಕಿಗೆ ಅಯಸ್ಕಾಂತ ಕಟ್ಟುವ ಎಲೆಕ್ಟ್ರಾನಿಕ್ ಮೀಟರೇ ಸರಿ.

ಪ್ರಶ್ನೆ (ಜರ್ಮನಿಯಿಂದ): ಇಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ವಿಡಿಒ ಕಂಪನಿಯ ಹಳೇ ಸೈಕಲ್ ಮೀಟರ್ ಸಿಕ್ಕಿದೆ. ಗೇರ್ ಮೇಲೆ 28 ಅಂತಿದೆ. ರಜೆಗೆ ಬಂದಾಗ ಊರಿನ 28 ಇಂಚಿನ ಸೈಕಲ್ಲಿಗೆ ಹಾಕಿದರೆ ಸರಿಯಾಗಿ ತೋರಿಸುತ್ತದಾ?

ಉತ್ತರ: ಅಲ್ಲಿಯ 28 ಸಾಮಾನ್ಯವಾಗಿ 622 ಮಿ.ಮೀ. ರಿಮ್ಮು. ನಮ್ಮ ಕಪ್ಪು ಸೈಕಲ್ಲಿನ 28 × 1½ ಟೈರು ಕೂರುವುದು 635ರ ರಿಮ್ಮಿಗೆ. ಹೆಸರು ಒಂದೇ, ಟೈರು ಅದಲುಬದಲು ಆಗುವುದಿಲ್ಲ. ಆದರೆ ಮೀಟರಿಗೆ ಬೇಕಾದ್ದು ಟೈರಿನ ಹೊರಗಿನ ಸುತ್ತಳತೆ. ಅದು ಎರಡರಲ್ಲೂ 2 ಮೀಟರ್ 20 ಸೆಂ.ಮೀ. ಆಸುಪಾಸು. ನೂರಕ್ಕೆ ಎರಡು ಮೂರು ಹೆಚ್ಚುಕಡಿಮೆ ಆಗಬಹುದು, ತೊಂದರೆಯಿಲ್ಲ. ಧೈರ್ಯವಾಗಿ ತನ್ನಿ. ಡಬ್ಬಿ, ಕೇಬಲ್ಲು, ಮೀಟರು ಮೂರೂ ಒಟ್ಟಿಗೆ ತನ್ನಿ, ಬಿಡಿ ಸಾಮಾನು ಇಲ್ಲಿ ಹುಡುಕುವುದು ತಲೆನೋವು. ಇಂಗ್ಲೆಂಡಿನದಾಗಿದ್ದರೆ ಡಯಲ್ ಮೇಲೆ ಮೈಲಿ ಇರುತ್ತದೆ, ನೋಡಿ ತಗೊಳ್ಳಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ನಂದು ಎರಡು ವರ್ಷದ ಮೀಟರು. ಈಗ ಮುಳ್ಳು 10ರಿಂದ 25ಕ್ಕೆ, 25ರಿಂದ 10ಕ್ಕೆ ಕುಣಿಯುತ್ತದೆ. ಕಿರ್ರ್ ಕಿರ್ರ್ ಶಬ್ದ ಬೇರೆ. ಮೀಟರ್ ಹೋಯ್ತಾ?

ಉತ್ತರ: ಹೋಗಿರುವುದು ಕೇಬಲ್ಲು ಇರಬೇಕು. ಮೀಟರಿನ ಒಳಗೆ ಮುಳ್ಳಿಗೂ ಕೇಬಲ್ಲಿಗೂ ಮುಟ್ಟಾಟವೇ ಇಲ್ಲ. ಕೇಬಲ್ ಒಂದು ಅಯಸ್ಕಾಂತ ತಿರುಗಿಸುತ್ತದೆ. ಅದರ ಸುತ್ತ, ಮುಳ್ಳಿಗೆ ಸೇರಿದ ಅಲ್ಯೂಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಅದನ್ನೂ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ಹಿಡಿದು ನಿಲ್ಲಿಸುತ್ತದೆ. ಆ ಎಳೆದಾಟದಲ್ಲಿ ಎಲ್ಲಿ ನಿಂತಿತೋ ಅದು ನಿಮ್ಮ ವೇಗ. ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸ್ಕೂಟರು, ಕಾರುಗಳೂ ಎಷ್ಟೋ ಕಾಲ ಇದರಲ್ಲೇ ಓಡಿದವು.

ಅಂದರೆ ಮುಳ್ಳು ಕುಣಿಯುತ್ತಿದೆ ಅಂದರೆ ಅಯಸ್ಕಾಂತ ಒಂದೇ ಸಮ ತಿರುಗುತ್ತಿಲ್ಲ. ಕೇಬಲ್ ಎಲ್ಲೋ ತಡೆದು, ಮುರುಟಿಕೊಂಡು, ಗಕ್ಕನೆ ಬಿಡುತ್ತಿದೆ. ಒಳಗಿನ ತಂತಿ ಎಳೆದು ಸೀಮೆಎಣ್ಣೆಯಲ್ಲಿ ಒರೆಸಿ. ಗಾಜಿನ ಮೇಲೆ ಉರುಳಿಸಿ ನೋಡಿ. ಒಂದು ಕಡೆ ಎಗರಿದರೆ ಅಲ್ಲಿ ಬಾಗಿದೆ, ಹೊಸದು ಹಾಕಿ. ನೆಟ್ಟಗಿದ್ದರೆ ತೆಳುವಾಗಿ ಗ್ರೀಸ್ ಸವರಿ, ಅದೂ ಕೆಳಗಿನ ಮುಕ್ಕಾಲು ಭಾಗಕ್ಕೆ ಮಾತ್ರ. ಮೇಲಿನ ಒಂದು ಗೇಣು ಒಣಗಿರಲಿ. ಸುರುಳಿ ತಂತಿ ತಿರುಗುತ್ತಾ ತಿರುಗುತ್ತಾ ಗ್ರೀಸನ್ನು ಮೇಲಕ್ಕೆ ಹತ್ತಿಸುತ್ತದೆ. ಬಟ್ಟಲಿಗೆ ಅಂಟಿತೋ, ಮುಳ್ಳು ಜ್ವರ ಬಂದವರ ಹಾಗೆ ಮೇಲೆಯೇ ಮಲಗುತ್ತದೆ. ನಾನು ಕೆಲಸ ಕಲಿಯುವಾಗ ಧಾರಾಳವಾಗಿ ಗ್ರೀಸ್ ತುಂಬಿ ಒಬ್ಬರ ಮೀಟರ್ ಕೆಡಿಸಿದ್ದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೇಬಲ್ಲಿನ ಔಟರ್ (ಹೊರಗಿನ ಕೊಳವೆ) ಎಲ್ಲೂ ಗಕ್ಕನೆ ಮಡಿಸಬಾರದು. ಊಟದ ತಟ್ಟೆಯ ಅಂಚಿನಷ್ಟು ದೊಡ್ಡ ಬಳಸು ಇರಲಿ. ಫೋರ್ಕಿಗೆ ಕಟ್ಟಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಎಳೆಯಬಾರದು.

ಪ್ರಶ್ನೆ (ಸಾಗರ, ಮತ್ತೆ ನಾನೇ): ಪಕ್ಕ ಬದಲಿಸಿದೆವು, ಮುಳ್ಳು ಎದ್ದಿತು! ಅಪ್ಪನಿಗೆ ಖುಷಿಯೋ ಖುಷಿ. ಆದರೆ ಕಿ.ಮೀ. ಕಲ್ಲು ನೋಡಿಕೊಂಡು ಸರಿಯಾಗಿ ಹತ್ತು ಹೋದರೆ ಮೀಟರು ಒಂಬತ್ತೂಕಾಲು ದಾಟಿ ಚೂರು ತೋರಿಸುತ್ತದೆ. ಮೋಸ ಹೋದೆನಾ?

ಉತ್ತರ: ಡಬ್ಬಿಯ ಗ್ರೀಸ್ ಒರೆಸಿ ಮೇಲಿನ ಅಂಕಿ ಓದಿ. 26 ಅಂತ ಇರುತ್ತದೆ ನೋಡಿ. 26 × 1⅜ ಟೈರು ಒಂದು ಸುತ್ತಿಗೆ ಸುಮಾರು 2 ಮೀಟರ್ 7 ಸೆಂ.ಮೀ. ಹೋಗುತ್ತದೆ. ನಿಮ್ಮದು, ಮೇಲೆ ಆಳು ಕೂತಾಗ, 2 ಮೀಟರ್ 22ರ ಹತ್ತಿರ. ಗೇರಿಗೆ ಚಕ್ರ ದೊಡ್ಡದು ಅಂತ ಗೊತ್ತಿಲ್ಲ, ಅದು ತನ್ನ 2.07ರ ಲೆಕ್ಕವನ್ನೇ ಬರೆಯುತ್ತದೆ. ಹತ್ತಕ್ಕೆ 9.3 ಬರುವುದು ಅದಕ್ಕೇ. ವೇಗವೂ ಅಷ್ಟೇ, 20ರಲ್ಲಿ ಹೋದರೆ 18 ದಾಟಿ ಚೂರು ತೋರಿಸುತ್ತದೆ. ಬೇಕಾದರೆ ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಸರಿಯಾಗಿ ಮೂರು ನಿಮಿಷಕ್ಕೆ ಒಂದೇ ಸಮ ತುಳಿಯಿರಿ, ಅದು 20. ನಾಲ್ಕು ನಿಮಿಷವಾದರೆ 15.

28ರ ಗೇರ್ ಸಿಕ್ಕರೆ ಬದಲಿಸಿ. ಸಿಗದಿದ್ದರೆ ಮೀಟರಿನ ಪ್ರತಿ ಹತ್ತಕ್ಕೆ ಮುಕ್ಕಾಲು ಸೇರಿಸಿಕೊಳ್ಳಿ.

ಸಾಗರ: 26 ಅಂತಲೇ ಇತ್ತು ಸಾರ್. ಮಾರಿದವರು ಬದಲಿ ಕೊಡುತ್ತೇವೆ ಅಂದರು. ಅಪ್ಪ ಮಾತ್ರ ಬಿಚ್ಚುವುದಕ್ಕೆ ಬಿಡುತ್ತಿಲ್ಲ. ಮುಕ್ಕಾಲು ಸೇರಿಸಿ ದಿನಾ ಕ್ಯಾಲೆಂಡರ್ ಮೇಲೆ ಬರೆದಿಡುತ್ತಿದ್ದಾರೆ.

ಉತ್ತರ: ಹಾಗಾದರೆ ಬಿಡಿ. ನಿಮ್ಮ ಕಡೆ ಮಳೆ ಜಾಸ್ತಿ ಅಲ್ವಾ, ಜೂನ್‌ಗೆ ಮುಂಚೆ ಒಮ್ಮೆ ಕೇಬಲ್ ಎಳೆದು ಒರೆಸಿ. ಬದಲಿ ಗೇರ್ ಬಂದರೆ ವಾಪಸ್ ಕಳಿಸಬೇಡಿ, ಡಬ್ಬದಲ್ಲಿ ಎತ್ತಿಡಿ.