ಹಿರಿಯರ ವಾರ್ಡಿಗೆ ನಾಯಿ ಬರಬಹುದೇ?

ಶೈಲಜಾ, ದಾವಣಗೆರೆ: ಮರೆಗುಳಿತನವಿರುವ ನಮ್ಮ ಅತ್ತೆಯವರನ್ನು ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ಸಂಜೆಯಾದರೆ ‘ಹಾಲು ಕರೆಯುವ ಹೊತ್ತಾಯಿತು, ಬಿಡಿ’ ಎಂದು ಡ್ರಿಪ್ ಸೂಜಿಯನ್ನೇ ಕಿತ್ತುಕೊಳ್ಳುತ್ತಾರೆ. ಅವರ ಕೈಗಳನ್ನು ಮಂಚಕ್ಕೆ ಕಟ್ಟಿದ್ದನ್ನು ಕಂಡು ಕರುಳು ಕಿತ್ತು ಬಂತು. ಹೊರದೇಶಗಳ ಎಷ್ಟೋ ಆಸ್ಪತ್ರೆಗಳಲ್ಲಿ ಇಂಥವರ ಸಮಾಧಾನಕ್ಕೆಂದೇ ಪಳಗಿಸಿದ ನಾಯಿಗಳನ್ನು ಕರೆತರುತ್ತಾರೆ. ನಮ್ಮೂರಿನಲ್ಲಿ ಏಕೆ ಆಗಬಾರದು?

ಮಂಜುನಾಥ, ಶುಶ್ರೂಷಕ, ಚಿತ್ರದುರ್ಗ: ಮೇಡಂ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ವೃದ್ಧರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಉಗುರು ಗೀಚಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಬೀದಿನಾಯಿಗಳನ್ನು ಆಸ್ಪತ್ರೆ ಆವರಣದಿಂದ ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಈಗ ನಾಯಿಯನ್ನು ವಾರ್ಡಿಗೇ ತಂದರೆ ಪಕ್ಕದ ಮಂಚದವರು ಸುಮ್ಮನಿರುತ್ತಾರೆಯೇ?

ಡಾ. ವೀಣಾ, ಪಶುವೈದ್ಯೆ: ಬೀದಿನಾಯಿಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಮೆರಿಕದ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್ 1960ರ ದಶಕದಲ್ಲೇ ಮಕ್ಕಳ ಚಿಕಿತ್ಸೆಯಲ್ಲಿ ತಮ್ಮ ನಾಯಿಯನ್ನು ಜೊತೆಗಿಟ್ಟುಕೊಂಡಿದ್ದರು. ರೇಬಿಸ್ ಲಸಿಕೆ, ಜಂತುನಾಶಕ, ಕತ್ತರಿಸಿದ ಉಗುರು, ಪಕ್ಕದಲ್ಲೇ ನಿಲ್ಲುವ ಪಾಲಕ, ಮುಟ್ಟುವ ಮೊದಲೂ ನಂತರವೂ ಕೈತೊಳೆತ: ಇವಿಲ್ಲದೆ ಒಳಗೆ ಬಿಡಲೇಬಾರದು. ಹಸಿ ಮಾಂಸ ತಿನ್ನುವ ನಾಯಿಯನ್ನಂತೂ ಬೇಡವೇ ಬೇಡ. ನಾಯಿಗೂ ದಣಿವಾಗುತ್ತದೆ. ಪದೇ ಪದೇ ಆಕಳಿಸುತ್ತಾ ತುಟಿ ನೆಕ್ಕಿಕೊಂಡು ಮುಖ ತಿರುಗಿಸಿತೆಂದರೆ ಅಲ್ಲಿಗೆ ಸಾಕು. ಇದರಿಂದ ನೆನಪು ಮರಳುವುದಿಲ್ಲ. ಕೆಲವರ ಚಡಪಡಿಕೆ, ಮಂಕು ಕಡಿಮೆಯಾಗಬಹುದು, ಅಷ್ಟೇ.

ತಿಪ್ಪೇಸ್ವಾಮಿ, ಚಳ್ಳಕೆರೆ: ಶೈಲಜಕ್ಕ, ನಿಮ್ಮ ಅತ್ತೆ ಹಸುವನ್ನು ಕೇಳುತ್ತಿದ್ದಾರೆ, ನೀವೆಲ್ಲ ನಾಯಿಯ ಮಾತಾಡುತ್ತಿದ್ದೀರಿ! ನಮ್ಮ ಕಡೆ ಮ್ಯಾಸಬೇಡರು, ಕಾಡುಗೊಲ್ಲರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವುಗಳನ್ನು ಕಾಯುವವನು ಕಿಲಾರಿ. ನನ್ನ ತಾತ ಕಿಲಾರಿಯಾಗಿದ್ದವರು. ಕೊನೆಗೆ ಮಕ್ಕಳ ಗುರುತೂ ಹತ್ತುತ್ತಿರಲಿಲ್ಲ. ಆದರೆ ಕರುವೊಂದು ಹತ್ತಿರ ಬಂದರೆ ಅವರ ಬೆರಳು ತಾನಾಗಿ ಅದರ ಕೊರಳಡಿ ಜೋಲುವ ಗಂಗೆದೊಗಲಿಗೆ ಹೋಗುತ್ತಿತ್ತು. ಅಲ್ಲಿ ಕೆರೆಯುತ್ತಾ ಉಣ್ಣಿಹುಳು ಹುಡುಕುತ್ತಿದ್ದರು. ನಾಯಿ ಬಂದರೆ ಕೋಲು ಎತ್ತುತ್ತಿದ್ದರು. ಯಾರಿಗೆ ಯಾವ ಪ್ರಾಣಿ ಒಡನಾಡಿಯಾಗಿತ್ತೆಂದು ಮೊದಲು ಮನೆಯವರನ್ನು ಕೇಳಬೇಕು.

ಶೈಲಜಾ: ಇದು ನನಗೆ ಹೊಳೆದಿರಲೇ ಇಲ್ಲ, ತಿಪ್ಪೇಸ್ವಾಮಿಯವರೇ. ಆದರೆ ಹಸುವನ್ನು ಎರಡನೇ ಮಹಡಿಗೆ ಹತ್ತಿಸುವುದು ಹೇಗೆ? ಜಪಾನಿನಲ್ಲಿ ಪಾರೋ ಎಂಬ ಸೀಲ್ ಮರಿಯ ರೂಪದ ರೋಬಾಟ್ ಮಾಡಿದ್ದಾರಲ್ಲ, ಮುಟ್ಟಿದರೆ ದನಿ ಮಾಡುತ್ತದೆ. ಅಂಥದ್ದಾದರೂ ಸಿಕ್ಕರೆ?

ತಿಪ್ಪೇಸ್ವಾಮಿ: ಜೀವಮಾನವಿಡೀ ಹಾಲು ಕರೆದ ಕೈಗೆ ಯಂತ್ರ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಡಾ. ವೀಣಾ: ನಾನಾದರೆ ರೋಬಾಟನ್ನು ಒಪ್ಪುತ್ತೇನೆ. ಕಚ್ಚುವುದಿಲ್ಲ, ಸೋಂಕಿನ ಭಯವೂ ಕಡಿಮೆ. ಅವರಿಗೆ ನೆಮ್ಮದಿ ಸಿಕ್ಕರೆ ಯಂತ್ರವಾದರೇನು?

ಮಂಜುನಾಥ: ಅದಕ್ಕೂ ಮೊದಲಿನ ಕೆಲಸವೊಂದಿದೆ. ಮೇಡಂ, ಈ ಗೊಂದಲ ಮನೆಯಲ್ಲೂ ಇಷ್ಟೇ ಇತ್ತೇ, ಇಲ್ಲಿಗೆ ಬಂದ ಮೇಲೆ ಏಕಾಏಕಿ ಹೆಚ್ಚಿತೇ? ಹೆಚ್ಚಿದ್ದರೆ ಅದು ಡೆಲಿರಿಯಂ, ಅಂದರೆ ದೇಹದ ತೊಂದರೆಯಿಂದ ದಿಢೀರನೆ ಬರುವ ಬುದ್ಧಿಯ ಗೊಂದಲ, ಇರಬಹುದು. ಸೋಂಕು, ಸೋಡಿಯಂ ಇಳಿತ, ಮಲಬದ್ಧತೆ, ಯಾವುದೋ ಮಾತ್ರೆ, ಏನಾದರೂ ಕಾರಣವಾಗಿರಬಹುದು. ಇಂದೇ ವೈದ್ಯರಿಗೆ ಹೇಳಿ. ಕಟ್ಟಿದರೆ ಗಾಬರಿ ಹೆಚ್ಚುತ್ತದೆ. ಕೈ ಬಿಚ್ಚಿಸಿ, ಕನ್ನಡಕ ಹಾಕಿ, ಮನೆಯವರೊಬ್ಬರು ಪಕ್ಕದಲ್ಲಿ ಕೂರಲು ಅನುಮತಿ ಕೇಳಿ. ಜ್ವರ ಇಳಿದ ಮೇಲೆ ವೈದ್ಯರು ಒಪ್ಪಿದರೆ, ಗಾಲಿಕುರ್ಚಿಯಲ್ಲಿ ಅಂಗಳಕ್ಕೆ ಕರೆತಂದು ಕರು ತೋರಿಸುವುದಕ್ಕೆ ನನ್ನ ತಕರಾರಿಲ್ಲ. ವಾರ್ಡಿನೊಳಗೆ ಮಾತ್ರ ಈಗಲೂ ಬೇಡ ಎನ್ನುತ್ತೇನೆ.